ಅಪ್‌ಡೇಟ್: ಹರಾಜಿನ ಕಾರು ಮತ್ತು ಮನೆ

ಸಾಲಕ್ಕಾಗಿ ಜಪ್ತಿಯಾದ ಒಂದು ಕಾರು, ಒಂದು ಮನೆ ಎರಡನ್ನೂ ಹರಾಜಿನಲ್ಲಿ ಕೊಳ್ಳಬಹುದೇ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಮನೆಯನ್ನು ಕೈಬಿಟ್ಟೆ. ‘ಇದ್ದ ಸ್ಥಿತಿಯಲ್ಲಿಯೇ ಮಾರಾಟ’ ಎಂಬ ಷರತ್ತಿನಡಿ ಹಳೆಯ ತೆರಿಗೆ ಬಾಕಿಯೂ, ಒಳಗಿರುವವರನ್ನು ತೆರವುಗೊಳಿಸುವ ಹೊಣೆಯೂ ಕೊಂಡವರ ತಲೆಗೇ ಎಂದು ವಕೀಲರು ಕಡತ ನೋಡಿ ಹೇಳಿದರು. ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದರೆ, ಹರಾಜಿಗಾಗಿ ಮೊದಲೇ ಇಟ್ಟ ಠೇವಣಿಯೂ ಮುಟ್ಟುಗೋಲು.

ಕಾರಿನದು ಬೇರೆ ಕಥೆ. ಓಡಿಸಿ ನೋಡಲು ಬಿಡಲಿಲ್ಲ. ನೀವು ಸೂಚಿಸಿದಂತೆ ಮೆಕ್ಯಾನಿಕ್‌ ಒಬ್ಬರನ್ನು ಕರೆದೊಯ್ದಿದ್ದೆ. ಹೊರಮೈ ಮದುಮಗನಂತೆ ಮಿನುಗುತ್ತಿತ್ತು. ಅವರು ಅದರತ್ತ ಕಣ್ಣೂ ಹಾಯಿಸದೆ ನೇರ ಡಿಕ್ಕಿಯ ಹಾಸು ಎತ್ತಿದರು: ಸ್ಟೆಪ್ನಿಯ ಗುಂಡಿಯಲ್ಲಿ ಒಣಗಿದ ಕೆಸರು, ಸೀಟಿನ ಬೋಲ್ಟುಗಳಲ್ಲಿ ತುಕ್ಕು. ನೆರೆಯಲ್ಲಿ ಮುಳುಗಿದ್ದ ಗಾಡಿ! ಆದರೂ ಅದಕ್ಕೆ ಪೈಪೋಟಿ ಜೋರಾಗಿಯೇ ನಡೆಯಿತು. ಮುಂದಿನ ಹರಾಜಿಗೂ ಹೋಗುತ್ತೇನೆ, ವಾಹನಕ್ಕೆ ಮಾತ್ರ.