‘ಬರ್ಜನ್’ ಎಂಬ ಇಂಗ್ಲಿಷ್ ಕ್ರಿಯಾಪದದ ಮೂಲಾರ್ಥವೇನು?

ಪ್ರಶ್ನೆ:
ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಬರ್ಜನಿಂಗ್ ಇಂಡಸ್ಟ್ರಿ’ ಎಂಬ ಪ್ರಯೋಗವನ್ನು ಮೇಲಿಂದ ಮೇಲೆ ಕಾಣುತ್ತೇನೆ. ಅನುವಾದದಲ್ಲಿ ‘ವೇಗವಾಗಿ ಬೆಳೆಯುತ್ತಿರುವ ಉದ್ಯಮ’ ಎಂದು ಬರೆದೆನಾದರೂ ಮನಸ್ಸು ಒಪ್ಪುತ್ತಿಲ್ಲ. ಈ ಪದದ ಮೂಲವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಇದರ ಬೇರು ಹಳೆಯ ಫ್ರೆಂಚಿನಲ್ಲಿದೆ. ಇಂದಿನ ಫ್ರೆಂಚಿನಲ್ಲಿಯೂ ‘ಬೂರ್ಜೋಂ’ ಎಂದರೆ ಗಿಡದ ಮೊಗ್ಗು. ಇನ್ನೂ ಹಿಂದಕ್ಕೆ ಹೋಗಿ, ಒರಟು ಉಣ್ಣೆ ಎಂಬ ಅರ್ಥದ ‘ಬುರ್ರಾ’ ಎಂಬ ಲ್ಯಾಟಿನ್ ಪದದೊಂದಿಗೆ ಇದನ್ನು ಜೋಡಿಸುವ ನಿಘಂಟುಗಳೂ ಇವೆ. ಎಳೆಯ ಮೊಗ್ಗಿನ ಮೈಮೇಲಿರುವ ನವಿರಾದ ರೋಮವನ್ನು ಬೆರಳಿನಿಂದ ಸವರಿ ನೋಡಿದವರಿಗೆ ಆ ನಂಟು ಸಹಜವೆನಿಸುತ್ತದೆ. ಮಧ್ಯಕಾಲದ ಇಂಗ್ಲಿಷಿಗೆ ಬಂದಾಗಲೂ ಅದು ಚಿಗುರುವುದನ್ನೇ ಹೇಳುತ್ತಿತ್ತು.

ಉತ್ತರ 2:
‘ವೇಗವಾಗಿ ಬೆಳೆ’ ಎಂಬ ಅರ್ಥವು 20ನೆಯ ಶತಮಾನದಲ್ಲಿ ವ್ಯಾಪಕವಾದಾಗ, ಇನ್ನೂ ಮೊಗ್ಗಾಗಿರುವುದಕ್ಕೆ ಮಾತ್ರ ಈ ಪದ ಸಲ್ಲುತ್ತದೆಂದು ಶುದ್ಧಪ್ರಯೋಗದ ಪಕ್ಷಪಾತಿಗಳು ಆಕ್ಷೇಪಿಸಿದರು. ಈಗ ನಿಘಂಟುಗಳು ಎರಡೂ ಅರ್ಥಗಳನ್ನು ಒಪ್ಪಿವೆ. ‘ನಾಯಿಕೊಡೆಗಳಂತೆ ತಲೆಯೆತ್ತಿದ’ ಎಂದು ಮಾತ್ರ ಅನುವಾದಿಸಬೇಡಿ. ಅದರಲ್ಲಿ ತಾತ್ಸಾರವಿದೆ, ಮೇಲಾಗಿ ಅದು ‘ಮಶ್ರೂಮ್’ ಎಂಬ ಬೇರೆಯದೇ ಕ್ರಿಯಾಪದಕ್ಕೆ ಹೊಂದುವ ಮಾತು. ‘ಚಿಗುರೊಡೆದು ಹಬ್ಬುತ್ತಿರುವ ಉದ್ಯಮ’ ಎಂದರೆ ಮೊಗ್ಗೂ ಉಳಿಯುತ್ತದೆ, ವೇಗವೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಚಿಗುರೊಡೆದು ಹಬ್ಬುತ್ತಿರುವ’ ಎಂದೇ ತಿದ್ದಿಕೊಂಡಿದ್ದೇನೆ.