ರಂಗೋಲಿ ಹುಳು ಮೂರು ಔಷಧಿಗೂ ಬಗ್ಗದಿದ್ದರೆ?

ಕೇಳಿದವರು: ಟೊಮೆಟೊ ನಾಟಿಯಾಗಿ 25 ದಿನ. ರಂಗೋಲಿ ಹುಳುವಿಗೆ ಮೂರು ಬೇರೆ ಬೇರೆ ಔಷಧಿ ಹೊಡೆದೆ. ಎಲೆಯ ಮೇಲಿನ ಬಿಳಿ ಗೆರೆ ಹೋಗಿಲ್ಲ. ಔಷಧಿ ನಕಲಿಯೋ, ನನ್ನ ಕೈಯೇ ಸರಿಯಿಲ್ಲವೋ? ಅನುಭವ ಇದ್ದವರು ತಿಳಿಸಿ.

ಮುಳಬಾಗಿಲು ಕಡೆಯ ಬೆಳೆಗಾರ: ಗೆರೆ ಹೋಗುವುದಿಲ್ಲ ಸ್ವಾಮಿ. ಹುಳು ತಿಂದುಕೊಂಡು ಹೋದ ದಾರಿ ಅದು, ಹುಳು ಸತ್ತರೂ ಉಳಿಯುತ್ತದೆ. ಗೆರೆ ನೋಡಿಕೊಂಡೇ ಐದು ಸಲ ಸಿಂಪಡಿಸಿ, ಅಂಗಡಿಯವನ ಜೊತೆ ಜಗಳವಾಡಿ ಬಂದವನು ನಾನು. ಎಲೆಯನ್ನು ಬಿಸಿಲಿಗೆ ಹಿಡಿದು ಗೆರೆಯ ಅಗಲವಾದ ತುದಿಯನ್ನು ನೋಡಿ. ಹಳದಿ ಮರಿ ಅಲುಗುತ್ತಿದ್ದರೆ ಜೀವಂತ. ತುದಿ ಖಾಲಿಯಿದ್ದರೆ ಅದು ಕೋಶವಾಗಲು ಆಗಲೇ ಹೊರಬಿದ್ದಿದೆ.

ಕೀಟಶಾಸ್ತ್ರ ಓದಿದವಳು, ಮನೆಯಲ್ಲೂ ಟೊಮೆಟೊ ಇದೆ: ಮರಿ ಅಲುಗುತ್ತಿದ್ದರೂ ಔಷಧಿ ನಕಲಿ ಎಂದೇ ಹೇಳಲಾಗದು. ಹೆಸರು ಹುಳುವೆಂದಿದ್ದರೂ ಇದು ನೊಣದ ಮರಿ. ಟೊಮೆಟೊ, ಹುರುಳಿಕಾಯಿ, ಹರಳು, ಎಲ್ಲದರ ಎಲೆಯನ್ನೂ ಕೊರೆಯುತ್ತದೆ. ಒಂದೊಂದು ಗಿಡದಲ್ಲಿ ಒಂದೊಂದು ಬಗೆಯ ವಿಷ. ಅದನ್ನೆಲ್ಲ ಅರಗಿಸಿಕೊಳ್ಳುವ ಕಿಣ್ವಗಳು ಮರಿಯ ಮೈಯಲ್ಲಿ ಮೊದಲೇ ಇವೆ, ನಮ್ಮ ಔಷಧಿಗೂ ಅವೇ ಕೈ ಹಾಕುತ್ತವೆ. ಪಿ450 ಕಿಣ್ವಗಳು ಔಷಧಿಯ ಅಣುವಿಗೆ ಆಮ್ಲಜನಕ ಸೇರಿಸಿ ಅದರ ರೂಪ ಕೆಡಿಸುತ್ತವೆ. ಎಸ್ಟರೇಸ್‌ಗಳು ಕತ್ತರಿಸುತ್ತವೆ. ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್‌ಗಳು ಹೊರಹಾಕಲು ಸುಲಭವಾಗುವಂತೆ ಮಾಡುತ್ತವೆ. ಹೀಗಾಗಿ ನರಕ್ಕೆ ತಲುಪುವಷ್ಟರಲ್ಲಿ ಔಷಧಿಯಲ್ಲಿ ಕಸುವು ಉಳಿದಿರುವುದಿಲ್ಲ. ಪ್ರತಿ ಸಿಂಪಡಣೆಯಲ್ಲೂ ಇಂಥ ಕಿಣ್ವ ಹೆಚ್ಚಿರುವ ಮರಿಗಳೇ ಉಳಿದು ಸಂತಾನ ಬೆಳೆಸುತ್ತವೆ.

ತೊಡಕು ಇನ್ನೊಂದಿದೆ. ಒಂದೇ ಪಿ450 ಬೇರೆ ಬೇರೆ ಗುಂಪಿನ ಔಷಧಿಗಳನ್ನೂ ಕೆಡಿಸಬಲ್ಲದು, ಹಾಗಾಗಿ ಡಬ್ಬಿ ಬದಲಿಸಿದ ಮಾತ್ರಕ್ಕೆ ಹುಳುವಿಗೆ ಹೊಸದಾಗುವುದಿಲ್ಲ. ಪ್ರಯೋಗಾಲಯದಲ್ಲಿ ಪಿ450ಯನ್ನು ಕಟ್ಟಿಹಾಕುವ ಪಿಪೆರೊನಿಲ್ ಬ್ಯುಟಾಕ್ಸೈಡ್ ಬೆರೆಸಿ ಅದೇ ಔಷಧಿ ಕೊಡುತ್ತಾರೆ. ಆಗ ಮರಿ ಸತ್ತರೆ ಕಳ್ಳ ಸಿಕ್ಕಿಬಿದ್ದ ಹಾಗೆ. (ಇದನ್ನು ಓದಿ ಹೊಲದಲ್ಲಿ ಬೆರೆಸಲು ಹೋಗಬೇಡಿ.)

ಇನ್ನೊಬ್ಬರು: ಪ್ರಮಾಣವನ್ನೂ ಇಮ್ಮಡಿ ಮಾಡಬೇಡಿ. ನಾನು ಮಾಡಿ ಎಲೆ ಸುಟ್ಟುಕೊಂಡೆ. ಈ ಮರಿಯ ಮೇಲೆ ಮೊಟ್ಟೆಯಿಡುವ ಪುಟ್ಟ ಕಣಜಗಳಿವೆ, ಔಷಧಿಗೆ ಮೊದಲು ಸಾಯುವುದು ಅವೇ. ಕೆಳಗಿನ ಗೆರೆಬಿದ್ದ ಎಲೆ ಕಿತ್ತು ಹೂಳಿ, ಸಂಜೆ ಶೇ 4ರ ಬೇವಿನ ಬೀಜದ ಕಷಾಯ ಹೊಡೆಯಿರಿ. ಸ್ವಲ್ಪ ದಿನ ಬೇರೇನೂ ಬೇಡ.

ಕೇಳಿದವರು: ಬೆಳಿಗ್ಗೆ ಹತ್ತು ಎಲೆ ಬಿಸಿಲಿಗೆ ಹಿಡಿದೆ. ಏಳರಲ್ಲಿ ತುದಿ ಖಾಲಿ.