ಅಭ್ಯಾಸದಲ್ಲಿ 565, ಮ್ಯಾಚ್‌ನಲ್ಲಿ 546: ಕೊನೆಯ ಹತ್ತು ಶಾಟ್‌ನಲ್ಲಿ ನನಗೆ ಏನಾಗುತ್ತಿದೆ?

ಲೇನ್ ಹದಿನಾಲ್ಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು 10 ಮೀಟರ್ ಏರ್ ಪಿಸ್ತೂಲ್ ಹಿಡಿದು ಒಂದೂವರೆ ವರ್ಷವಾಯಿತು. ಶುರು ಮಾಡುವಾಗಲೇ ನನಗೆ 37. ಅಭ್ಯಾಸದಲ್ಲಿ 60 ಶಾಟ್‌ಗೆ 560ರಿಂದ 565 ಬರುತ್ತದೆ. ಕಳೆದ ಭಾನುವಾರದ ಮ್ಯಾಚ್‌ನಲ್ಲಿ 546ಕ್ಕೆ ನಿಂತೆ. ಹತ್ತು ಹತ್ತು ಶಾಟ್‌ನ ಸೀರೀಸ್ ಹೀಗಿದ್ದವು: 94, 93, 94, 92, 88, 85.

ಕೊನೆಯ ಸೀರೀಸ್‌ನಲ್ಲಿ ಒಂದು ಹತ್ತು, ಆರು ಒಂಬತ್ತು, ಮೂರು ಏಳು. ಮೂರು ಏಳೂ ಒಂದೇ ಕಡೆ, ಎಡಕ್ಕೆ ಕೆಳಗೆ. ನನ್ನದು ಬಲಗೈ. ಅಷ್ಟು ಹೊತ್ತಿಗೆ ಕೈ ನಡುಗುತ್ತಿತ್ತು. ನಿಲ್ಲಲಿ ಅಂತ ಗ್ರಿಪ್ ಇನ್ನಷ್ಟು ಬಿಗಿ ಹಿಡಿದೆ. ಫ್ರಂಟ್ ಸೈಟ್ (ನಳಿಗೆಯ ತುದಿಯ ಗುರಿಕಡ್ಡಿ) ಗುರಿಯ ಕಪ್ಪು ವೃತ್ತದ ಕೆಳಗೆ ಸರಿಯಾಗಿ ಬಂದು ಕೂರುವ ಕ್ಷಣಕ್ಕೆ ಕಾದು, ಕೂತ ತಕ್ಷಣ ಟ್ರಿಗರ್ ಒತ್ತಿದೆ. ಆದರೂ ಏಳು. 75 ನಿಮಿಷ ಇದ್ದದ್ದರಲ್ಲಿ 48ಕ್ಕೇ ಮುಗಿಸಿದ್ದೆ, ಹಾಗಾಗಿ ಸಮಯ ಸಾಲಲಿಲ್ಲ ಅನ್ನುವ ಹಾಗಿಲ್ಲ.

ಎರಡು ಪ್ರಶ್ನೆ. ಕೈ ನಡುಗದ ಹಾಗೆ ಮಾಡಲು ಯಾವ ವ್ಯಾಯಾಮ ಒಳ್ಳೆಯದು? ಮತ್ತೆ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಮಾಮೂಲಿ ಕನ್ನಡಕದಲ್ಲೇ ಬೆಳ್ಳಿ ಗೆದ್ದರು. ನಾನು ಬ್ಲೈಂಡರ್ (ಗುರಿ ನೋಡದ ಕಣ್ಣಿನ ಮುಂದಿನ ಮರೆ), ಐರಿಸ್ (ಗುರಿ ನೋಡುವ ಕಣ್ಣಿನ ಮುಂದಿನ ಸಣ್ಣ ಕಿಂಡಿ) ಎಲ್ಲ ಹಾಕಿಕೊಂಡು ಸುಮ್ನೆ ಕಷ್ಟ ಪಡುತ್ತಿದ್ದೇನಾ?

ಎರಡನೇ ಹಂತ (ಉತ್ತರ)

ಬಲಗೈಯವರಿಗೆ ಎಡಕ್ಕೆ ಕೆಳಗೆ ಹೋಯಿತು ಅಂದರೆ ಟ್ರಿಗರ್ ಗಬಕ್ಕನೆ ಎಳೆದುಬಿಟ್ಟಿದ್ದೀರಿ ಅಂತ ಅರ್ಥ. ಭುಜಕ್ಕೆ ವ್ಯಾಯಾಮ ಮಾಡಿ, ಅದರಿಂದ ನಷ್ಟವೇನಿಲ್ಲ. ನಾನು ದಿನಾ ಖಾಲಿ ಪಿಸ್ತೂಲ್ ಎತ್ತಿ ಅರ್ಧ ನಿಮಿಷ ಹಿಡಿಯುತ್ತೇನೆ, ಹತ್ತು ಸಲ. ಆದರೆ ಮೊದಲು ಸರಿಯಾಗಬೇಕಾದ್ದು ಬೆರಳು.

ಹಳೇ ಗ್ರಿಪ್

ನಿಮ್ಮ ಪ್ರಶ್ನೆಯ ಒಳಗೇ ಉತ್ತರ ಇದೆ. "ಕೂತ ತಕ್ಷಣ ಒತ್ತಿದೆ" ಅಂದಿರಲ್ಲ, ಮೂರು ಏಳು ಬಂದದ್ದು ಅಲ್ಲಿಂದ. ನಾನು 22 ವರ್ಷ ಏರ್ ಪಿಸ್ತೂಲ್ ಆಡಿದ್ದೇನೆ, ಈಗ ಹೊಸಬರಿಗೆ ಹೇಳಿಕೊಡುತ್ತೇನೆ. ನಡುಗದ ಕೈಯನ್ನು ಇವತ್ತಿನವರೆಗೆ ನೋಡಿಲ್ಲ. ಒಲಿಂಪಿಕ್ಸ್ ಫೈನಲ್‌ನಲ್ಲಿ ನಿಂತವರ ಕೈಯೂ ಅಲುಗಾಡುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಹತ್ತರ ವೃತ್ತದ ಅಗಲ 11.5 ಮಿ.ಮೀ. ಪೆಲೆಟ್, ಅಂದರೆ ಗುಂಡು, 4.5 ಮಿ.ಮೀ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಹತ್ತೇ. ಅಂದರೆ ನಟ್ಟನಡುವಿನಿಂದ ಯಾವ ಕಡೆಗೆ 8 ಮಿ.ಮೀ. ಸರಿದರೂ ಹತ್ತು ಸಿಗುತ್ತದೆ. ಅಲ್ಲಿಂದ ಆಚೆ 8 ಮಿ.ಮೀ.ಗೆ ಒಂದೊಂದು ಅಂಕ ಹೋಗುತ್ತದೆ.

ಈಗ ತೋಳು, ಪಿಸ್ತೂಲು ಎರಡೂ ಒಟ್ಟಿಗೆ 8 ಮಿ.ಮೀ. ಪಕ್ಕಕ್ಕೆ ತೇಲಿದವು ಅಂದುಕೊಳ್ಳಿ. ಫ್ರಂಟ್ ಸೈಟ್ ಮಾತ್ರ ಕಣ್ಣಿಗೆ ಹತ್ತಿರ ಇರುವ ರಿಯರ್ ಸೈಟ್‌ನ ಕಿಂಡಿಯ ನಡುವೆಯೇ ಇದೆ, ಎರಡೂ ಕಡೆ ಬೆಳಕು ಸಮವಾಗಿದೆ. ಆಗ ಪೆಲೆಟ್ ಕೂಡ 8 ಮಿ.ಮೀ. ಅಷ್ಟೇ ಸರಿಯುತ್ತದೆ. ಹತ್ತು ಎಲ್ಲೂ ಹೋಗಲಿಲ್ಲ.

ಆದರೆ ಮಣಿಕಟ್ಟು ಕೊಂಚ ತಿರುಗಿತು ಅಂದುಕೊಳ್ಳಿ. ನನ್ನ ಪಿಸ್ತೂಲ್‌ನಲ್ಲಿ ಎರಡು ಸೈಟ್‌ಗಳ ನಡುವೆ 33 ಸೆಂ.ಮೀ. ಇದೆ. ಗುರಿ 10 ಮೀಟರ್ ದೂರ. ಹತ್ತಿರ ಹತ್ತಿರ 30 ಪಟ್ಟು. ಕಿಂಡಿಯಲ್ಲಿ ಫ್ರಂಟ್ ಸೈಟ್ 1 ಮಿ.ಮೀ. ವಾರೆಯಾದರೆ ಗುರಿಯಲ್ಲಿ 30 ಮಿ.ಮೀ. ದೂರ ಬೀಳುತ್ತದೆ. ಅದು ಏಳು. ನೀವು ಕಪ್ಪು ವೃತ್ತವನ್ನೇ ನೋಡುತ್ತಿದ್ದರೆ ಆ ಒಂದು ಮಿ.ಮೀ. ನಿಮಗೆ ಕಾಣುವುದೇ ಇಲ್ಲ. "ಈಗ ಸರಿಯಾಗಿದೆ" ಅಂತ ಮನಸ್ಸು ಹೇಳುತ್ತದೆ, ಬೆರಳು ಗಬಕ್ಕನೆ ಎಳೆಯುತ್ತದೆ, ಅದರ ಜೊತೆಗೆ ಇಡೀ ಮುಷ್ಟಿ ಬಿಗಿಯುತ್ತದೆ, ಮೂತಿ ಎಡಕ್ಕೆ ಕೆಳಗೆ ಬಗ್ಗುತ್ತದೆ. ಗ್ರಿಪ್ ಬಿಗಿ ಹಿಡಿದಷ್ಟೂ ಇದು ಜಾಸ್ತಿ.

ನನಗೂ ಇದೇ ಆಗಿತ್ತು. ಆಡಲು ಶುರುಮಾಡಿ ಮೂರನೇ ವರ್ಷ. ಒಂದು ದಿನ ಕೋಚ್ ಬಂದು ನನ್ನ ಗುರಿಯ ಕಾರ್ಡನ್ನು ತೆಗೆದು ತಿರುಗಿಸಿ ಹಾಕಿದರು. ಕಪ್ಪು ವೃತ್ತ ಹಿಂದೆ ಹೋಯಿತು. ಮುಂದೆ ಬರೀ 17 ಸೆಂ.ಮೀ. ಚೌಕದ ಬಿಳಿ ಕಾಗದ. "ನಡುವೆ ಎಲ್ಲಾದರೂ ಹೊಡಿ, ಎಲ್ಲಿ ಬಿತ್ತು ಅಂತ ನೋಡಬೇಡ" ಅಂದರು. ನೋಡಲು ಏನೂ ಇರಲಿಲ್ಲ. ಕಣ್ಣು ತಾನಾಗಿಯೇ ಫ್ರಂಟ್ ಸೈಟ್‌ಗೆ ಬಂತು. ಅದರ ಮೇಲಂಚು ಕತ್ತರಿಸಿದ ಹಾಗೆ ಚೂಪಾಗಿ ಕಂಡಿತು, ಅದರ ಒಂದು ಮೂಲೆಯಲ್ಲಿ ಸಣ್ಣ ಬಿಳಿ ಗೀರು ಇತ್ತು. ಮೂರು ವರ್ಷ ಅದೇ ಪಿಸ್ತೂಲ್ ಹಿಡಿದಿದ್ದೆ, ಆ ಗೀರನ್ನು ಕಂಡದ್ದು ಅವತ್ತೇ ಮೊದಲು. ಹತ್ತು ಶಾಟ್ ಆದ ಮೇಲೆ ಕಾರ್ಡ್ ತಂದು ತಿರುಗಿಸಿದರು. ಹತ್ತೂ ತೂತು ಒಂದು ಬೆಂಕಿಪೆಟ್ಟಿಗೆ ಮುಚ್ಚುವಷ್ಟು ಜಾಗದಲ್ಲಿದ್ದವು. ಕಪ್ಪು ವೃತ್ತ ಇದ್ದಾಗ ನನ್ನ ಗುಂಪು ಅದಕ್ಕಿಂತ ದೊಡ್ಡದಿರುತ್ತಿತ್ತು. ನೀವೂ ಹೀಗೇ ಮಾಡಿ ನೋಡಿ. ವಾರಕ್ಕೆ ಎರಡು ದಿನ, 20 ಶಾಟ್ ಸಾಕು.

ಟ್ರಿಗರ್ ಬಗ್ಗೆ. ನಿಯಮದ ಪ್ರಕಾರ ಅದನ್ನು ಒತ್ತಲು ಬೇಕಾದ ಭಾರ ಕನಿಷ್ಠ 500 ಗ್ರಾಂ ಇರಬೇಕು, ತಪಾಸಣೆಯಲ್ಲಿ ತೂಕದ ಬಟ್ಟು ನೇತುಹಾಕಿಯೇ ನೋಡುತ್ತಾರೆ. ಕೈ ಗುರಿಯ ಕಡೆಗೆ ಇಳಿಯುತ್ತಿರುವಾಗಲೇ ಟ್ರಿಗರ್‌ನ ಮೊದಲ ಹಂತವನ್ನು (ಶಾಟ್ ಹೋಗುವ ಮುಂಚಿನ ಭಾಗ) ಒತ್ತಿಟ್ಟುಕೊಳ್ಳಿ. ಆಮೇಲೆ ಉಳಿದದ್ದನ್ನು ನಿಲ್ಲಿಸದೆ ಒತ್ತುತ್ತಾ ಹೋಗಿ. ಸೈಟ್ ತೇಲುತ್ತಿರಲಿ, ಬಿಡಿ. ಶಾಟ್ ಯಾವಾಗ ಹೊರಟಿತು ಅಂತ ನಿಮಗೇ ಮೊದಲೇ ಗೊತ್ತಾಗಬಾರದು.

ಇನ್ನು 48 ನಿಮಿಷದ ಮಾತು. ಇದು ನನಗೆ ತುಂಬಾ ಬೇಸರ ತರಿಸಿತು. 27 ನಿಮಿಷ ಕೈಯಲ್ಲಿತ್ತು, ಅದನ್ನು ಹಾಗೇ ಬಿಟ್ಟು ಬಂದಿರಿ. ಕೊನೆಯ ಸೀರೀಸ್‌ನಲ್ಲಿ ಎಷ್ಟು ಸಲ ಶಾಟ್ ಬಿಡದೆ ಪಿಸ್ತೂಲ್ ಕೆಳಗಿಳಿಸಿದಿರಿ? ಒಂದು ಸಲವೂ ಇಲ್ಲ ಅಂತ ನನ್ನ ಊಹೆ. ಎಂಟು ಹತ್ತು ಸೆಕೆಂಡಿನ ಒಳಗೆ ಶಾಟ್ ಹೋಗದಿದ್ದರೆ ಇಳಿಸಿಬಿಡಬೇಕು. ಅಷ್ಟು ಹೊತ್ತಿಗೆ ಉಸಿರು ಬೇಕು ಅನ್ನಿಸಲು ಶುರುವಾಗಿರುತ್ತದೆ, ಕಣ್ಣೂ ದಣಿದಿರುತ್ತದೆ. ಇಳಿಸುವುದು ಸೋತ ಹಾಗಲ್ಲ, ಅಭ್ಯಾಸದಲ್ಲೂ ಅದನ್ನು ಕಲಿಯಬೇಕು.

ಸಮಯ ಕೈಯಲ್ಲಿದ್ದರೆ ಎಷ್ಟು ಬೆಲೆ ಅಂತ ಮನು ಭಾಕರ್ ಅವರ ಟೋಕಿಯೊ ಒಲಿಂಪಿಕ್ಸ್ ನೋಡಿದವರಿಗೆ ಗೊತ್ತು. ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್‌ನ ಲಿವರ್ ಮುರಿಯಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ನಿಮಿಷಗಳು ಹೋದವು, ಉಳಿದ ಶಾಟ್‌ಗಳನ್ನು ಅವಸರದಲ್ಲಿ ಹೊಡೆಯಬೇಕಾಯಿತು. 575 ಅಂಕ, 12ನೇ ಸ್ಥಾನ, ಎಂಟು ಜನರ ಫೈನಲ್ ತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅವರೇ 580 ಹೊಡೆದು ಫೈನಲ್‌ಗೆ ಬಂದು, 221.7ಕ್ಕೆ ಕಂಚು ಗೆದ್ದರು. ಆ ಫೈನಲ್ ನೋಡುವಾಗ ನನ್ನ ಕಣ್ಣು ತುಂಬಿತ್ತು.

ನಡುಕ ನಿಲ್ಲಿಸಲು ಯಾರಾದರೂ ಮಾತ್ರೆ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ನಮ್ಮ ಆಟದಲ್ಲಿ ಪೂರ್ತಿ ನಿಷೇಧ, ಮ್ಯಾಚ್ ಇಲ್ಲದ ದಿನಗಳಲ್ಲೂ. 2008ರ ಬೀಜಿಂಗ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೋಂಗ್ ಸು ಅದೇ ಕಾರಣಕ್ಕೆ ಬೆಳ್ಳಿ, ಕಂಚು ಎರಡನ್ನೂ ಕಳೆದುಕೊಂಡರು.

ಮೂರು ಸೆಕೆಂಡ್

ನಾನು 25 ಮೀಟರ್ ಪಿಸ್ತೂಲ್ ಆಡುವವಳು. ಹಳೇ ಗ್ರಿಪ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ರ‍್ಯಾಪಿಡ್ ಹಂತದಲ್ಲಿ ಕೈ ಕೆಳಗಿಟ್ಟು ನಿಂತಿರುತ್ತೇವೆ. ಹಸಿರು ದೀಪ ಮೂರು ಸೆಕೆಂಡ್, ಅಷ್ಟರಲ್ಲಿ ಎತ್ತಿ ಒಂದು ಶಾಟ್. ಆಮೇಲೆ ಏಳು ಸೆಕೆಂಡ್ ಕೆಂಪು. "ಇನ್ನೂ ಚೆನ್ನಾಗಿ ಕೂರಲಿ" ಅಂತ ಕಾಯುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಪ್ಯಾರಿಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಯೆ ಜಿ ಅಂಥವರೇ ಈ ಹಂತದಲ್ಲಿ ಒಂದು ಶಾಟ್ ತಡಮಾಡಿದರು. ಸೊನ್ನೆ. 10 ಮೀಟರ್‌ನಲ್ಲಿ ಬೆಳ್ಳಿ ಗೆದ್ದವರು 25 ಮೀಟರ್ ಫೈನಲ್‌ಗೆ ಬರಲಿಲ್ಲ.

ನಾನು ಏರ್ ಪಿಸ್ತೂಲ್ ಅಭ್ಯಾಸದಲ್ಲೂ ಆಗಾಗ ಹೀಗೆ ಎತ್ತಿ ಬಿಡುತ್ತೇನೆ, ಖಾಲಿ ಪಿಸ್ತೂಲ್‌ನಲ್ಲಿ, ಮನಸ್ಸಿನಲ್ಲೇ ಮೂರು ಎಣಿಸಿ. ಕೈ ತೇಲುತ್ತಿರುವಾಗಲೇ ಬೆರಳು ಕೆಲಸ ಮಾಡುವುದನ್ನು ಕಲಿಯುತ್ತದೆ. ನಿಮಗೆ ಇದು ಸಹಾಯ ಆಗಬಹುದು ಅನ್ನಿಸುತ್ತದೆ.

ಲೇನ್ ಹದಿನಾಲ್ಕು

ಸರ್, ನಿಮ್ಮ ಊಹೆ ಸರಿ. ಕೊನೆಯ ಸೀರೀಸ್‌ನಲ್ಲಿ ಒಂದು ಸಲವೂ ಇಳಿಸಲಿಲ್ಲ. ಪಕ್ಕದ ಲೇನಿನವರು ಮುಗಿಸಿ ಪೆಟ್ಟಿಗೆ ಮುಚ್ಚುವ ಸದ್ದು ಕೇಳಿಸುತ್ತಿತ್ತು. ನಾನೂ ಬೇಗ ಮುಗಿಸಬೇಕು ಅನ್ನಿಸಿಬಿಟ್ಟಿತು. ಕನ್ನಡಕದ ಬಗ್ಗೆ ಹೇಳಲಿಲ್ಲ ನೀವು?

ಹಳೇ ಗ್ರಿಪ್

ಮರೆತೇ ಹೋಗಿತ್ತು. ದಿಕೆಚ್ ಎರಡೂ ಕಣ್ಣು ತೆರೆದು ಹೊಡೆಯುತ್ತಾರೆ. ಅವತ್ತು ಅವರಿಗೆ 51 ವರ್ಷ, 2008ರಿಂದ ಲೆಕ್ಕ ಹಾಕಿದರೆ ಅದು ಐದನೇ ಒಲಿಂಪಿಕ್ಸ್. ಬೆಳ್ಳಿ ಬಂದದ್ದು ಶೆವ್ವಾಲ್ ಇಲಾಯ್ದಾ ತರ್ಹಾನ್ ಜೊತೆಗೆ ಆಡಿದ ಮಿಶ್ರ ತಂಡದಲ್ಲಿ. ಆ ಹುಡುಗಿಯ ಹೆಸರನ್ನು ಯಾರೂ ಹೇಳುವುದಿಲ್ಲ, ಅದು ನನಗೆ ನೋವಿನ ಸಂಗತಿ. ಜೇಬಿನಲ್ಲಿ ಕೈ ಇಟ್ಟದ್ದನ್ನೂ ಜನ ಬೆರಗಾಗಿ ನೋಡಿದರು. ನಾವೆಲ್ಲ ಹಾಗೇ ನಿಲ್ಲುವುದು ಅಲ್ವಾ, ಆ ಕೈ ತೂಗಾಡಿದರೆ ಮೈಯೇ ಅಲುಗಾಡುತ್ತದೆ.

ನಿಮಗೆ 38 ದಾಟಿದೆ. ಹತ್ತಿರದ ವಸ್ತುವಿಗೆ ಕಣ್ಣು ಹೊಂದಿಕೊಳ್ಳುವುದು ಇನ್ನು ನಿಧಾನವಾಗುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಕಣ್ಣಿನಿಂದ ಫ್ರಂಟ್ ಸೈಟ್‌ಗೆ ಎಷ್ಟು ದೂರ ಅಂತ ಟೇಪ್‌ನಲ್ಲಿ ಅಳೆದುಕೊಂಡು ಹೋಗಿ. ಲೆನ್ಸ್ ಆ ದೂರಕ್ಕೆ ಬೇಕು. ಬ್ಲೈಂಡರ್ ಇಟ್ಟುಕೊಳ್ಳಿ, 30 ಮಿ.ಮೀ.ಗಿಂತ ಅಗಲ ಇರಬಾರದು ಅಷ್ಟೇ. ಅದು ಇದ್ದರೆ ಇನ್ನೊಂದು ಕಣ್ಣನ್ನು ಮುಚ್ಚಿ ಹಿಡಿಯುವ ಆಯಾಸ ತಪ್ಪುತ್ತದೆ. ವಯಸ್ಸಿನ ಚಿಂತೆ ಬಿಡಿ. ಟೋಕಿಯೊದಲ್ಲಿ ಏರ್ ಪಿಸ್ತೂಲ್ ಚಿನ್ನ ಗೆದ್ದ ಇರಾನಿನ ಜವಾದ್ ಫರೂಗಿಗೆ 41, ಅವರ ಕೆಲಸ ನರ್ಸ್.

ಲೇನ್ ಹದಿನಾಲ್ಕು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಕಾರ್ಡ್ ತಿರುಗಿಸಿ ಹೊಡೆದೆ. ಮೊದಲ ದಿನ ಚದುರಿದವು, ಮೂರನೇ ದಿನಕ್ಕೆ ಗುಂಪು ಸೇರಿತು. ನಿನ್ನೆ ಪೂರ್ತಿ 60 ಶಾಟ್, ಗಡಿಯಾರ ಇಟ್ಟುಕೊಂಡು. 69 ನಿಮಿಷ ತೆಗೆದುಕೊಂಡೆ. ಕೊನೆಯ ಸೀರೀಸ್‌ನಲ್ಲಿ ಏಳು ಸಲ ಕೆಳಗಿಳಿಸಿದೆ. 92 ಬಂತು. ಎಡಕ್ಕೆ ಕೆಳಗೆ ಹೋದದ್ದು ಒಂದೇ ಒಂದು, ಅದು ಎಂಟು. ಅದನ್ನು ಇಳಿಸಬೇಕಿತ್ತು ಅಂತ ಬೆರಳು ಒತ್ತುವ ಮೊದಲೇ ಗೊತ್ತಾಗಿತ್ತು.

ಹಳೇ ಗ್ರಿಪ್

ಗೊತ್ತಾಯಿತಲ್ಲ, ತುಂಬಾ ಸಂತೋಷ. ಮುಂದಿನ ಮ್ಯಾಚ್‌ನ ಸೀರೀಸ್ ಇಲ್ಲೇ ಹಾಕಿ, ಎಷ್ಟು ಸಲ ಇಳಿಸಿದಿರಿ ಅನ್ನುವ ಲೆಕ್ಕದ ಜೊತೆಗೆ.